ಗೋಣಿಚೀಲದ ವಾಸನೆ

ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ನಾಲ್ಕು ಮಂದಿಯ ಎದುರು ನನ್ನ ವೈನ್ ಗ್ಲಾಸಿಗೆ ಮಜ್ಜಿಗೆ ಸುರಿದರು. ಅದಾಗಿ ಹನ್ನೆರಡು ವರ್ಷ ಆ ಸಿಟ್ಟನ್ನು ನಾನು ಆರಲು ಬಿಡಲಿಲ್ಲ. ಮರೆತುಬಿಡು ಎಂದವರಿದ್ದರು. ಅವರ ಗ್ಲಾಸಿಗೆ ಯಾರೂ ಮಜ್ಜಿಗೆ ಸುರಿದಿರಲಿಲ್ಲ.

ಷಡ್ಡಕರು ಕೇಶ್ವಾಪುರದಲ್ಲಿ ಎಲುಬಿನ ಡಾಕ್ಟರು. ಅವರಿಗೆ ಆಸ್ಟ್ರೇಲಿಯಾದ ಒಂದು ಕೆಂಪು ವೈನಿನ ಹುಚ್ಚು. ಅದರ ಹೆಸರು ಹೇಳಿದರೆ ಗೊತ್ತಿದ್ದವರು ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಾರೆ, ಗೊತ್ತಿಲ್ಲದವರು "ಹುಳಿ ಇರ್ತೈತೇನ್ರಿ?" ಎಂದು ಕೇಳುತ್ತಾರೆ. ಒಂದೊಂದು ವರ್ಷದ ದ್ರಾಕ್ಷಿಗೆ ಒಂದೊಂದು ರುಚಿ. ತಂಪಾದ ಕತ್ತಲಲ್ಲಿ ಹದಿನೈದು ಇಪ್ಪತ್ತು ವರ್ಷ ಮಲಗಿಸಿಟ್ಟರೆ ಮಾತ್ರ ಅದು ಪೂರ್ತಿ ಹದಕ್ಕೆ ಬರುತ್ತದೆ. ಇದೆಲ್ಲ ನನಗೆ ಕಲಿಸಿದವರೂ ಅವರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರದವನು. ನನ್ನ ಮೂಗೇ ನನ್ನ ಅನ್ನ. ಹತ್ತಿಯ ಅಂಡಿಗೆಗೆ ಚಾಕು ಹಾಕಿ ಒಂದು ಹಿಡಿ ಎಳೆದು ಮೂಸಿದರೆ ಸಾಕು, ಒಳಗೆ ಎಲ್ಲಿಯಾದರೂ ನೀರು ತಗುಲಿದ್ದರೆ ತಿಳಿಯುತ್ತದೆ. ಮಜ್ಜಿಗೆ ಸುರಿದ ಆ ದಿನ ಷಡ್ಡಕರು ತಮ್ಮ ಮನೆಯಲ್ಲಿ ಮೂರು ಬೇರೆ ಬೇರೆ ವರ್ಷದ ಬಾಟಲಿ ತೆರೆದಿದ್ದರು. ಎರಡನೆಯದನ್ನು ಮೂಸುತ್ತಲೇ ನನಗೆ ತೊಯ್ದ ಗೋಣಿಚೀಲದ ವಾಸನೆ ಹೊಡೆಯಿತು. ಮನೆಯವನೆಂಬ ಸಲಿಗೆಯಿಂದ, "ಇದು ಕೆಟ್ಟೈತ್ರಿ, ಗೋಣಿಚೀಲದ ವಾಸನಿ ಬರಾಕತ್ತೈತಿ" ಎಂದೆ.

ಅವರು ನಕ್ಕರು. "ಹತ್ತಿ ಅಂಗಡ್ಯಾಗ ಬೆಳದ ಮೂಗಿಗೆ ಮತ್ತೇನ ವಾಸನಿ ಬರಬೇಕ್ರಿ? ನಿಮಗ ಇದು ಒಗ್ಗೂದಿಲ್ಲ. ತಗೋರಿ, ಮಜ್ಜಗಿ ಕುಡೀರಿ."

ಸುರಿದೇಬಿಟ್ಟರು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಉಳಿದವರೆಲ್ಲ ಆ ಕೆಟ್ಟ ವೈನನ್ನು ಹೊಗಳಿ ಹೊಗಳಿ ಖಾಲಿ ಮಾಡಿದರು. ಅಲ್ಲಿಂದ ಬೀಗರ ಮನೆಗಳಲ್ಲೆಲ್ಲ ನನ್ನ ಹೆಸರು ಗೋಣಿಚೀಲ ಎಂದೇ ಆಯಿತು. ಅದು ಪೇಟೆಗೂ ಬಂತು. ಒಮ್ಮೆ ಒದ್ದೆ ಅಂಡಿಗೆಗಳನ್ನು ವಾಪಸು ಕಳಿಸಿದಾಗ ಜಿನ್ನಿಂಗ್ ಮಿಲ್ಲಿನವನು, "ಬಿಡ್ರಿ ಸಾಹುಕಾರ್ರ, ನಿಮಗ ಸಕ್ಕರ್ಯಾಗೂ ಗೋಣಿಚೀಲದ ವಾಸನಿ ಬರ್ತೈತಂತ" ಎಂದ. ಮನೆಗೆ ಬಂದು ಊಟ ಮಾಡಲಿಲ್ಲ. ನನ್ನ ಮೂಗು ಸುಳ್ಳಲ್ಲ ಎಂದು ಷಡ್ಡಕರ ಎದುರು, ಅದೇ ನಾಲ್ಕು ಮಂದಿಯ ಎದುರು ತೋರಿಸಬೇಕು ಎಂದು ಆವತ್ತು ನಿಶ್ಚಯಿಸಿದೆ.

ಹತ್ತಿ ನೋಡಲು ಆಸ್ಟ್ರೇಲಿಯಾಕ್ಕೆ ಹೋಗುವ ಸಂದರ್ಭ ಬಂದಾಗ ಮಾಡಿದ ಮೊದಲ ಕೆಲಸ ಅದೇ ವೈನು, ಅದೇ ವರ್ಷದ್ದು ಹುಡುಕಿದ್ದು. ಒಂದೇ ಸಲಕ್ಕೆ ತರಲಾಗದೆ ಮೂರು ಸಲಕ್ಕೆ ಎರಡೆರಡರಂತೆ ಆರು ಬಾಟಲಿ ತಂದೆ. ಆದರೆ ಇಡುವುದೆಲ್ಲಿ? ನಮ್ಮದು ಕೊರಳಲ್ಲಿ ಲಿಂಗವಿರುವ ಮನೆತನ. ಸೆರೆ-ಸಾರಾಯಿಯ ಹೆಸರೆತ್ತಿದರೆ ಅವ್ವ ಉಪವಾಸ ಕೂಡುತ್ತಿದ್ದಳು. ಆಗ ನೆನಪಾದದ್ದು ಗರಗದ ನಮ್ಮ ಹಳೆ ಮನೆಯ ಹಿತ್ತಲಿನ ಹಗೇವು. ಹಿಂದೆ ಜೋಳ ತುಂಬಿಡುತ್ತಿದ್ದ, ಎರಡಾಳು ಆಳದ ನೆಲಮಾಳಿಗೆ ಅದು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ. ಷಡ್ಡಕರು ಬಾಟಲಿಗಳಿಗೆಂದೇ ಒಂದು ಎ.ಸಿ. ಕಪಾಟು ಕೊಂಡಿದ್ದರು. ನನಗೆ ಅಜ್ಜ ತೋಡಿಸಿದ ಎ.ಸಿ. ಇತ್ತು.

ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು. ಕೆಟ್ಟ ಗಾಳಿ ಕೂತಿರುತ್ತದೆ. ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು, ಅದು ಆರದೆ ಉರಿದ ಮೇಲೆ ಇಳಿದೆ. ಬೆಲೆಬಾಳುವುದನ್ನು ನಮ್ಮ ಮನೆಯವರು ಹೇಗೆ ಇಡುತ್ತಾರೋ ಹಾಗೆಯೇ ಇಟ್ಟೆ: ಕೆಳಗೆ ಜೋಳದ ಒಣ ದಂಟಿನ ಕಣಕಿ ಹಾಸಿ, ಒಂದೊಂದು ಬಾಟಲಿಯನ್ನೂ ಗೋಣಿಯಲ್ಲಿ ಬಿಗಿಯಾಗಿ ಸುತ್ತಿ, ಮಲಗಿಸಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಸಿದೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ.

ಅವ್ವ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ ಮಧ್ಯಾಹ್ನ, ವಿದ್ಯಾನಗರದ ನಮ್ಮ ಮನೆಯ ಮಾಳಿಗೆಗೆ ಷಡ್ಡಕರನ್ನೂ ಆ ನಾಲ್ಕು ಮಂದಿಯನ್ನೂ ಕರೆದೆ. ಷಡ್ಡಕರು ತಮ್ಮ ಕಪಾಟಿನಿಂದ ಅದೇ ವರ್ಷದ ಒಂದು ಬಾಟಲಿ ತರಬೇಕು, ನನ್ನದೂ ಒಂದು ಇರುತ್ತದೆ, ಯಾವುದು ಯಾರದೆಂದು ತಿಳಿಯದೆ ಕುಡಿಯಬೇಕು. ಅವರು ಖುಷಿಯಿಂದ ಒಪ್ಪಿದರು. "ಜ್ವಾಳದ ಹಗೇವಿನ್ಯಾಗ ಇಟ್ಟದ್ದ? ರೊಟ್ಟಿ ಜೋಡಿ ಛಲೋ ಆಗತೈತಿ ಬಿಡ್ರಿ" ಎಂದರು. ಅದನ್ನೂ ಹಳೆಯದರ ಜೊತೆಗೆ ಸೇರಿಸಿಕೊಂಡೆ.

ನನ್ನ ಹೆಂಡತಿ ಗರಗದ ಖಾದಿಯಲ್ಲಿ ಎರಡು ಚೀಲ ಹೊಲಿದಿದ್ದಳು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ. ಒಳಗೆ ಯಾರ ಬಾಟಲಿ ಎಂಬುದು ಅವಳೊಬ್ಬಳಿಗೇ ಗೊತ್ತು. ಗ್ಲಾಸುಗಳನ್ನು ತನ್ನ ಅಡುಗೆಮನೆಗೆ ತರಕೂಡದು ಎಂಬ ಕರಾರಿನ ಮೇಲೆ ಅವಳು ಈ ಕೆಲಸಕ್ಕೆ ಒಪ್ಪಿದ್ದು.

ಬಿಳಿ ದಾರದ್ದು ಮೊದಲು ಬಂತು. ನಾನು ಅಂಥದ್ದನ್ನು ಅಲ್ಲಿಯತನಕ ಕುಡಿದಿರಲಿಲ್ಲ. ನೇರಳೆ ಹಣ್ಣು, ಹದವಾದ ಚರ್ಮ, ಹಳೆ ಪೆಟ್ಟಿಗೆಯ ಕಟ್ಟಿಗೆ, ಎಲ್ಲ ಒಂದಾಗಿ ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಯಿತು. ಇದು ನನ್ನದೇ ಎಂದು ಎದೆ ಉಬ್ಬಿತು. ಷಡ್ಡಕರು ಬಾಯಲ್ಲಿ ಹೊರಳಾಡಿಸಿ ಮೂಗು ಮುರಿದರು. "ಮಣ್ಣ ವಾಸನಿ. ಇದು ಹಗೇವಿಂದು, ಖರೇ."

ಆಮೇಲೆ ಕೆಂಪು ದಾರದ್ದು. ಗ್ಲಾಸು ಮೂಗಿನ ಹತ್ತಿರ ಬರುವ ಮೊದಲೇ ಗೊತ್ತಾಯಿತು. ತೊಯ್ದ ಗೋಣಿಚೀಲ. ಅವರೋ ಕಣ್ಣು ಮುಚ್ಚಿ, ತಲೆದೂಗಿ, "ಇದು ನೋಡ್ರಿ ವೈನ್ ಅಂದ್ರ. ಇದನ್ನ ಇಡೂ ಪದ್ಧತೀನ ಬ್ಯಾರೆ" ಎಂದರು. ಉಳಿದವರೂ ಹೌದೌದು ಎಂದರು. ಹನ್ನೆರಡು ವರ್ಷ ಕಾದ ಗಳಿಗೆ ಬಂತು ಎಂದುಕೊಂಡು ನಾನು ಎದ್ದು ನಿಂತೇ ಹೇಳಿದೆ: "ಇದು ಕೆಟ್ಟೈತ್ರಿ. ಗೋಣಿಚೀಲದ ವಾಸನಿ ಬರಾಕತ್ತೈತಿ."

ಮಾಳಿಗೆಯೆಲ್ಲ ನಕ್ಕಿತು. ಹೆಂಡತಿ ಚೀಲಗಳನ್ನು ಕಳಚಿದಳು. ಕೆಂಪು ದಾರದ್ದು ನನ್ನದಾಗಿತ್ತು.

ಹಗೇವಿನಲ್ಲಿ ತೇವ ಹಿಡಿದ ಗೋಣಿಯ ವಾಸನೆ ವರ್ಷಗಟ್ಟಲೆ ಬಿರಡೆಯೊಳಗಿಂದ ವೈನಿಗೆ ಇಳಿದಿತ್ತು. ಯಾವ ವಾಸನೆಗಾಗಿ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆನೋ ಅದನ್ನೇ ನನ್ನ ಕೈಯಾರೆ ಬಾಟಲಿಗೆ ಸುತ್ತಿ ಇಟ್ಟಿದ್ದೆ. ಷಡ್ಡಕರ ನಗು ಏರುತ್ತಿತ್ತು. ಆಗ ನನ್ನ ಹೆಂಡತಿ ಬಾಯಿ ತೆರೆದಳು. "ನಗಬ್ಯಾಡ್ರಿ ಭಾವಾರ. ಕೆಟ್ಟೈತಿ ಅಂತ ಇವರು ತಮ್ಮದಕ್ಕ ಅಂದ್ರು. ಮಣ್ಣ ವಾಸನಿ ಅಂತ ನೀವು ಅಂದಿದ್ದು ನಿಮ್ಮದಕ್ಕ."

ನಗು ನಿಂತಿತು. ನಾನು ಕೆಳಗಿಳಿದು ಹೋಗಿ, ಬಾಟಲಿಗೆ ಸುತ್ತಿದ್ದ ಗೋಣಿ ತಂದು ಒಬ್ಬೊಬ್ಬರ ಕೈಗೂ ಕೊಟ್ಟೆ. ಮೊದಲು ಗೋಣಿ ಮೂಸಿ, ಆಮೇಲೆ ಗ್ಲಾಸು ಮೂಸಿ ಎಂದೆ. ಮೂಸಿದವರೆಲ್ಲ ಗ್ಲಾಸು ಕೆಳಗಿಟ್ಟರು. ಷಡ್ಡಕರು ಮಾತ್ರ ಗೋಣಿ ಮುಟ್ಟಲಿಲ್ಲ. "ಏನರ ಅನ್ರಿ, ಇದ ಛಲೋ ಐತಿ. ನಿಮಗ ತಿಳಿಯೂದಿಲ್ಲ" ಎಂದು ಹಟದಿಂದ ಕುಡಿದರು. ಅವರು ತಂದಿದ್ದ ಬಾಟಲಿಯನ್ನು ನಾನು ಕೊನೆಯ ಹನಿಯವರೆಗೂ ಒಬ್ಬನೇ ಕುಡಿದೆ.

ಮರುವಾರ ಹಗೇವಿನಿಂದ ಇನ್ನೊಂದು ಬಾಟಲಿ ತೆರೆದು ನೋಡಿದೆ. ಅದೂ ಹಾಗೇ. ಚೆಲ್ಲಿಬಿಡಿ ಎಂದಳು ಹೆಂಡತಿ. ನಾನು ಚೆಲ್ಲಲಿಲ್ಲ. ವರ್ಷಕ್ಕೊಂದರಂತೆ, ಷಡ್ಡಕರ ಹುಟ್ಟುಹಬ್ಬದ ದಿನ, ಅವರ ಮನೆ ತುಂಬ ಮಂದಿ ಇರುವ ಹೊತ್ತಿಗೆ, ಗೋಣಿ ಬಿಚ್ಚದೆ ಕಳಿಸುತ್ತೇನೆ. ಛಲೋ ಐತಿ ಅಂದವರು ಅವರೇ ತಾನೆ? ಮೂರು ಹೋಗಿವೆ. ಹೋದ ಸಲ ಅವರ ಹೆಂಡತಿ ಫೋನು ಮಾಡಿದರು. "ಸಾಕ ಮಾಡ್ರಿ. ಪೂರ್ತಿ ಗ್ಲಾಸ್ ಕುಡಿದ್ರು, ಭಾಳ ಛಲೋ ಐತಿ ಅಂದ್ರು, ಹಿತ್ತಲಕ್ಕ ಹೋಗಿ ವಾಂತಿ ಮಾಡಿಕೊಂಡ್ರು."

ಇನ್ನೊಂದು ಬಾಟಲಿ ಐತ್ರಿ ಅಕ್ಕಾರ, ಎಂದೆ.