ಮಾವನಿಗೆ ನಾನು ಕಲಿಸಿದ ಗಾಳ

ಗಾಳ ಹಾಕುವುದನ್ನು ಹೊಸದಾಗಿ ಕಲಿಯುವವರು ನನ್ನನ್ನು ಏನಾದರೂ ಕೇಳಿದರೆ ಮಾತು ಮರೆಸುತ್ತೇನೆ. ಒಮ್ಮೆ ಹೇಳಿಕೊಟ್ಟ ನಾಚಿಕೆಯೇ ಈ ಜನ್ಮಕ್ಕೆ ಸಾಕು.

ಎಪ್ಪತ್ತರ ದಶಕದಲ್ಲಿ ನಾನು ಒಂಬತ್ತು ತಿಂಗಳು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ನನ್ನ ಮನೆ ಮಾಲೀಕರು ಸಂಜೆ ಹೊತ್ತು ಹೊಳೆ ಸಮುದ್ರ ಸೇರುವ ಕಡೆ ಕೂತು ಶೆವಟೆ ಎಂಬ ಮೀನಿಗೆ ಗಾಳ ಹಾಕುತ್ತಿದ್ದರು. ಕೊಕ್ಕೆಗೆ ಸಿಕ್ಕಿಸುವ ಹಿಟ್ಟಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ನಾನು ಹಿಡಿದ ಶೆವಟೆ ಒಂದೇ ಒಂದು, ಅದೂ ಅವರು ಬೀಡಿ ಹಚ್ಚಲು ಗಾಳದ ಗಳವನ್ನು ನನ್ನ ಕೈಗೆ ಕೊಟ್ಟಾಗ. ವಿಜಾಪುರಕ್ಕೆ ವರ್ಗವಾಗಿ ಬಂದು ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಕೂರುವಷ್ಟರಲ್ಲಿ ನನ್ನ ಬಾಯಲ್ಲಿ ಆ ಒಂದು ನೂರಾಗಿತ್ತು. ಕೇಳುವವರು ಯಾರೂ ಸಮುದ್ರ ಕಂಡವರಲ್ಲ.

ಅದೇ ವರ್ಷ ನಿಡೋಣಿಯ ಒಕ್ಕಲುತನದ ಮನೆಯಿಂದ ಹೆಣ್ಣು ತಂದೆ. ಮಳೆಗಾಲ ಮುಗಿದ ಮೇಲೆ ಹೆಂಡತಿಯ ಜೊತೆ ಮೊದಲ ಸಲ ಮಾವನ ಮನೆಗೆ ಹೋದೆ. ಅವರ ದೊಡ್ಡ ಮಗಳನ್ನು ಟಿಕೋಟಾಕ್ಕೆ ಕೊಟ್ಟಿದ್ದರು. ಆ ಬೀಗರನ್ನೂ ಮಾವ ಮರುದಿನ ಸಂಜೆ ಮೀನಿನ ಸಾರಿನ ಊಟಕ್ಕೆ ಕರೆದಿದ್ದರು. ಬೆಳಿಗ್ಗೆ ಮಾವ ಬಿದಿರಿನ ಗಳ, ತೆಂಗಿನ ಚಿಪ್ಪಿನ ತುಂಬ ಎರೆಹುಳ ಹಿಡಿದುಕೊಂಡು ಹಳ್ಳದ ಮಡುವಿಗೆ ಹೊರಟರು. ಕರೆಯದಿದ್ದರೂ ನಾನು ಬೆನ್ನು ಹತ್ತಿದೆ.

"ಹುಳಾ ಯಾಕ್ರಿ ಮಾವಾರ? ಶೆವಟೆ ಹುಳಾ ಮುಟ್ಟಂಗಿಲ್ಲ. ಹಿಟ್ಟ ಹಾಕ್ರಿ," ಎಂದೆ.

ಮಾವ ಒಂದು ಗಳಿಗೆ ನನ್ನ ಮುಖ ನೋಡಿದರು. ಚಿಪ್ಪನ್ನು ಕಲ್ಲಿನ ಸಂದಿಗಿಟ್ಟು, "ಹೌದೇನ್ರಿ ಅಳಿಯಂದ್ರ? ತೋರಸ್ರಿ ಹಂಗಾರ," ಎಂದರು.

ಶುರುವಾಯಿತು ನನ್ನ ಪಾಠ. ಬುತ್ತಿಯ ರೊಟ್ಟಿಯನ್ನು ನೀರಲ್ಲಿ ನಾದಿ ಉಂಡೆ ಮಾಡಿದೆ. ದಾರಕ್ಕೆ ಕಟ್ಟಿದ್ದ ಸೀಸದ ಗುಂಡು ಬಿಚ್ಚಿಸಿದೆ. "ಗಾಳ ಮ್ಯಾಲ ಮ್ಯಾಲ ಇರಬೇಕ್ರಿ. ಅದರ ಬಾಯಿ ಬಾಳ ನಾಜೂಕ, ಜಗ್ಗಿದ್ರ ಹರೀತೈತಿ. ನಮ್ಮ ನೆಳ್ಳ ನೀರಿಗೆ ಬೀಳಬಾರದು, ಮಾತಾಡಬಾರದು," ಎಂದು ಮಾತಾಡುತ್ತಲೇ ಇದ್ದೆ. ಈ ಮಡುವಿನಲ್ಲಿರುವುದು ಶೆವಟೆಯಲ್ಲ, ಕೆಸರಿನ ತಳ ಬಿಟ್ಟು ಏಳದ ಮೀನು ಎನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಎತ್ತಿನ ಮೈ ತೊಳೆಯುತ್ತಿದ್ದ ಒಬ್ಬಾತ ನಕ್ಕು ಏನೋ ಹೇಳಲು ಬಾಯಿ ತೆರೆದ. ಮಾವ ಅವನತ್ತ ನೋಡಿದರು, ಅವನು ಮತ್ತೆ ಎತ್ತಿನ ಮೈ ಉಜ್ಜತೊಡಗಿದ. ಹೊತ್ತು ನೆತ್ತಿಗೆ ಬರುವವರೆಗೂ ಅವರು ನಾನು ಹೇಳಿದಂತೆಯೇ ಕೂತರು. ಒಂದು ಮೀನೂ ಬೀಳಲಿಲ್ಲ.

ಸಂಜೆ ಬೀಗರಿಗೆ ಮೀನಿನ ಬದಲು ಕೋಳಿ ತತ್ತಿಯ ಸಾರು ಬಡಿಸಿದರು. ಟಿಕೋಟಾದ ಹಿರಿಯರು ಬಿಡಲಿಲ್ಲ: "ಎಂದೂ ಬರಿಗೈಲೆ ಬರದವರು, ಇವತ್ತೇನಾತ್ರಿ ಬೀಗರ?"

"ವಯಸ್ಸಾತ್ರಿ. ಕೈ ನಡಗತಾವು," ಎಂದರು ಮಾವ. ಎಲ್ಲರೂ ನಕ್ಕರು.

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡು ಉಣ್ಣಬೇಕಿತ್ತು. "ಮಾವಾರಿಗೆ ಇನ್ನೂ ಸ್ವಲ್ಪ ರೂಢಿ ಆಗಬೇಕ್ರಿ, ನಾ ಕಲಸ್ತೇನಿ," ಎಂದುಬಿಟ್ಟೆ. ಈಗಲೂ ಆ ಮಾತು ನೆನಪಾದರೆ, ಒಬ್ಬನೇ ಇದ್ದರೂ, ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನ್ನಿಸುತ್ತದೆ. ಮಾವ ಹೌದೆನ್ನುವಂತೆ ತಲೆಯಾಡಿಸಿ ರೊಟ್ಟಿ ಮುರಿದರು.

ಮರುದಿನ ಬಬಲೇಶ್ವರದಲ್ಲಿ ನಮ್ಮನ್ನು ಬಸ್ಸು ಹತ್ತಿಸಲು ಬಂದ ಮಾವ, ಔಡಲ ಎಲೆಯಲ್ಲಿ ಸುತ್ತಿದ ನಾಲ್ಕು ಮೀನು ಮಗಳ ಕೈಗಿತ್ತರು. "ಬೆಳಕ ಹರಿಯೂದಕ ಹೋಗಿದ್ದೆ. ನೀವು ಹೇಳಿದ್ಹಂಗ ಮಾಡಿದೆ ಅಳಿಯಂದ್ರ, ಬಿದ್ದುವು," ಎಂದರು.

ದಾರಿಯುದ್ದಕ್ಕೂ ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಒಂದೇ ದಿನದಲ್ಲಿ ಎಷ್ಟು ಕಲಿತರು ನೋಡು ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮನೆಗೆ ಬಂದು ಮೀನು ಕೊಯ್ಯಲು ಕೂತವಳು ನನ್ನನ್ನು ಕರೆದಳು. ಒಂದು ಮೀನು ಗಾಳವನ್ನು ಗಂಟಲವರೆಗೆ ನುಂಗಿತ್ತು. ಅದನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಕೊಕ್ಕೆಗೆ ಅರ್ಧ ಎರೆಹುಳ ಇನ್ನೂ ಸಿಕ್ಕಿಕೊಂಡಿತ್ತು.

"ನಮ್ಮಪ್ಪ ನಾ ಹುಟ್ಟೂಕಿಂತ ಮೊದಲಿಂದ ಆ ಮಡುವಿನಾಗ ಮೀನ ಹಿಡೀತಾನ," ಎಂದಳು. "ಬೀಗರ ಮುಂದ ನಿಮ್ಮ ಮಾರಿ ಸಣ್ಣದಾಗಬಾರದಂತ ಮನೀ ಮಂದೀಗೆಲ್ಲಾ ಸುಮ್ಮನಿರ್ರಿ ಅಂದಿದ್ದ."

ಸಾರು ಬಹಳ ರುಚಿಯಾಗಿತ್ತೆಂದು ನಂತರ ಪಕ್ಕದ ಮನೆಯವರು ಹೇಳಿದರು. ನನ್ನ ಪಾಲನ್ನು ಅವರಿಗೇ ಕೊಟ್ಟು ಬಂದಿದ್ದೆ.

ಮುಂದಿನ ಸಲ ಹೋದಾಗ, ತಪ್ಪಾಯಿತು ಎಂದು ಹೇಳಲೇಬೇಕೆಂದು ಮಾವನ ಜೊತೆ ಮಡುವಿಗೆ ನಡೆದೆ. ದಾರಿಯುದ್ದಕ್ಕೂ ಮಳೆ, ಬೆಳೆಯ ಮಾತೇ ಆಡಿದೆ. ದಂಡೆಯಲ್ಲಿ ಕೂತ ಮೇಲೆ ಅವರೇ ಕೇಳಿದರು, "ಹಿಟ್ಟೋ ಹುಳಾನೋ, ಅಳಿಯಂದ್ರ?"

"ಹುಳಾನ ಹಾಕ್ರಿ ಮಾವಾರ," ಎಂದೆ. ಅಷ್ಟೇ ಹೊರಬಂತು.

"ನೀವು ಹೇಳಿದ್ಹಂಗ," ಎಂದು ಮಾವ ಚಿಪ್ಪಿಗೆ ಕೈ ಹಾಕಿದರು.