ಲಾಳದ ಮುನಿಯಪ್ಪನವರ ಕಿವಿ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಲಾಳದ ಮುನಿಯಪ್ಪನವರು ಶರಬತ್ ಎಂಬ ಹೆಣ್ಣು ಕುದುರೆಯ ಪಕ್ಕದಲ್ಲಿ ಬಗ್ಗಿ, "ಎಲ್ಲಿ ತಾಯಿ, ಆ ಎಡಗಾಲು ಕೊಡಿ" ಎಂದು ಕೇಳಿದರು. ಕುದುರೆ ಕೊಡಲಿಲ್ಲ. "ಕೊಡಿ ತಾಯಿ, ಬೇಗ ಬುಟ್ಬುಡ್ತೀನಿ" ಎಂದು ಇನ್ನೊಮ್ಮೆ ಕೇಳಿದರು. ಯಾವ ಕುದುರೆಯನ್ನೂ ಅವರು ಏಕವಚನದಲ್ಲಿ ಮಾತನಾಡಿಸಿದ್ದನ್ನು ನಾನು ಕಂಡಿಲ್ಲ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಕುದುರೆಯ ಕಾಲಿಗೆ ಕಟ್ಟಿದ್ದ ಸೆನ್ಸರ್ ಅದನ್ನು ಬರೆದಿಟ್ಟಿತ್ತು. ಎಡಗಾಲನ್ನೇ ಎತ್ತಿ ಎಂದು ಅವರಿಗೆ ಹೇಳಿದವಳು ನಾನು.

ಕೈಗೆ ಕಟ್ಟಿಕೊಂಡು ಹೆಜ್ಜೆ ಎಣಿಸುವ ಪಟ್ಟಿಗಳು ಮಾರುಕಟ್ಟೆಯಲ್ಲಿ ತುಂಬತೊಡಗಿದ್ದ ಕಾಲ. ಕುಂದಲಹಳ್ಳಿಯಲ್ಲಿ ಎರಡನೇ ಮಹಡಿಯ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಮನುಷ್ಯರ ಹೆಜ್ಜೆಯನ್ನು ಆಗಲೇ ಹತ್ತಾರು ಕಂಪನಿಗಳು ಎಣಿಸುತ್ತಿದ್ದುದರಿಂದ ನಮ್ಮ ಯಜಮಾನರಿಗೆ ಕುದುರೆಯ ಹೆಜ್ಜೆ ಎಣಿಸುವ ಯೋಚನೆ ಬಂತು. ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರನ್ನು ಕುದುರೆಯ ಮುಂಗಾಲುಗಳಿಗೆ, ಗೊರಸಿನ ಮೇಲೆ ಕಟ್ಟಿದರೆ, ಪ್ರತಿ ಹೆಜ್ಜೆಯೂ ನೆಲಕ್ಕೆ ಎಷ್ಟು ಬಲವಾಗಿ ಬಿತ್ತು, ಎಷ್ಟು ಹೊತ್ತು ನಿಂತಿತು ಎಂಬುದು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ನೋವಿರುವ ಕಾಲನ್ನು ಪ್ರಾಣಿ ಹಗುರವಾಗಿ ಊರುತ್ತದೆ. ಕಣ್ಣಿಗೆ ಕುಂಟು ಕಾಣುವ ಮೊದಲೇ ಅದನ್ನು ಹಿಡಿಯಬೇಕು ಎಂಬುದು ನಮ್ಮ ಆಸೆ. ವರ್ತೂರಿನ ಆಚೆ, ಸೇನೆಯಿಂದ ನಿವೃತ್ತರಾದ ಮೇಜರ್ ಒಬ್ಬರು ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಶಾಲೆ ನಡೆಸುತ್ತಿದ್ದರು. ವಾರಕ್ಕೆ ಎರಡು ಬೆಳಗು ನಾನೂ ಸಹೋದ್ಯೋಗಿ ನವೀನನೂ ಅಲ್ಲಿಗೆ ಹೋಗುತ್ತಿದ್ದೆವು.

ಮೊದಲ ದಿನವೇ ಮುನಿಯಪ್ಪನವರು ಕಂಡರು. ಅರವತ್ತು ದಾಟಿದ, ಗಿಡ್ಡ, ಗಟ್ಟಿ ಆಳು. ಸೊಂಟಕ್ಕೆ ಚರ್ಮದ ಏಪ್ರನ್. ಕುದುರೆಯೊಂದನ್ನು ಓಡಿಸತೊಡಗಿದ ಕೂಡಲೇ ಅವರು ನಮಗೆಲ್ಲ ಬೆನ್ನು ತಿರುಗಿಸಿ ಕಾಂಪೌಂಡ್ ಗೋಡೆಗೆ ಎದುರಾಗಿ ನಿಂತರು. ನಾನು ಬೇರೇನೋ ತಿಳಿದು ಮುಖ ಆ ಕಡೆ ಮಾಡಿದೆ. ಕುದುರೆ ಎರಡು ಸುತ್ತು ಮುಗಿಸಿದ ಮೇಲೆ ಅವರು ಗೋಡೆಗೇ ಹೇಳುವವರಂತೆ, "ಇಂದ್ಗಡೆ ಎಡಗಾಲು ಲಾಳ ಸಡ್ಲ ಆಗೈತೆ, ಎರಡು ಮೊಳೆ ಬೇಕು" ಎಂದರು. ನೋಡಿದರೆ ಸಡಿಲವಾಗಿತ್ತು. ನಾನು ಬಾಯಿ ತೆರೆದು ನಿಂತಿದ್ದೆ. ಅವರು ತಿರುಗಿ ನನ್ನನ್ನು ನೋಡಿ, "ಮೇಡಮ್ಮ, ನೀವು ಗೇಟಿನಿಂದ ಬರೋವಾಗ ಕೇಳಿಸ್ಕಂಡೆ. ನಿಮ್ ಒಂದು ಚಪ್ಲಿ ಇಂದ್ಗಡೆ ಸವೆದೈತೆ. ನಂತಾವ ತರ್ಬೇಡಿ, ನಾನು ಚಪ್ಲಿ ಒಲ್ಯಾಕಿಲ್ಲ" ಎಂದರು.

ಅವರದು ಎತ್ತಿಗೆ ಲಾಳ ಹೊಡೆಯುವ ಮನೆತನ. ವರ್ತೂರಿನ ಗದ್ದೆಗಳ ಮೇಲೆ ಅಪಾರ್ಟ್‌ಮೆಂಟುಗಳು ಎದ್ದಾಗ ಎತ್ತುಗಳು ಹೋದವು; ಆ ಅಪಾರ್ಟ್‌ಮೆಂಟಿನ ಮಕ್ಕಳಿಗಾಗಿ ಕುದುರೆಗಳು ಬಂದವು. ಐವತ್ತನೇ ವಯಸ್ಸಿನಲ್ಲಿ ಮುನಿಯಪ್ಪನವರು ಜಟಕಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಒಬ್ಬ ಮುದುಕ ಸಾಹೇಬರ ಬಳಿ ಹೋಗಿ ಹೊಸದಾಗಿ ಕೆಲಸ ಕಲಿತರು. ಕುದುರೆಗಳಿಗೆ ಯಾಕಿಷ್ಟು ಮರ್ಯಾದೆ ಎಂದು ಒಮ್ಮೆ ಕೇಳಿದ್ದೆ.

"ಎತ್ತನ್ನ ಅಗ್ಗ ಆಕಿ ಕೆಡವ್ಬೇಕು ಮೇಡಮ್ಮ. ನಾಕು ಕಾಲೂ ಕಟ್ಟಿ, ಮೇಲೊಬ್ಬ ಕುಂತ್ಕಂಡು, ಆಮೇಲೆ ಮೊಳೆ ಒಡೀಬೇಕು. ಪಾಪ, ಅದೇನು ಒಪ್ಕಂಡಿರ್ತದಾ? ಕುದುರೆಯೋರು ಅಂಗಲ್ಲ. ನಿಂತಂಗೇ ಕಾಲು ತೆಗ್ದು ನಮ್ ತೊಡೆ ಮೇಲೆ ಮಡುಗ್ತಾರೆ. ಅಂಥೋರ್ನ ಬಾರೆ, ಓಗೆ ಅನ್ನಾಕಾಯ್ತದಾ?"

ನಮ್ಮ ಯಂತ್ರವನ್ನು ಕಂಡು ಅವರು ಮುನಿಸಿಕೊಳ್ಳುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರಿಗೆ ಅದರ ಮೇಲೆ ಮಗುವಿನಂಥ ಆಸೆ. ಒಂದು ದಿನ ತಮ್ಮ ಕಾಲಿಗೇ ಕಟ್ಟಿಸಿಕೊಂಡು ಮೈದಾನದಲ್ಲಿ ನಡೆದರು. ಗೆರೆ ನೋಡಿದರೆ ಒಂದು ಕಾಲು ಹಗುರವಾಗಿ ಬೀಳುತ್ತಿತ್ತು, ಮಂಡಿನೋವು. "ಅಂಗಾರೆ ನಾನೂ ಕುಂಟ್ತೀನಿ ಅನ್ನಿ. ಮೇಜರ್ ಸಾಯೇಬ್ರಿಗೆ ಯೋಳ್ಬೇಡಿ, ಮಾರಾಕ್ಬುಡ್ತಾರೆ" ಎಂದು ಪಿಸುಗುಟ್ಟಿದರು.

ಆದರೆ ಆ ಆಸೆಯ ಹಿಂದೆ ಒಂದು ಹೆದರಿಕೆಯೂ ಇತ್ತು ಎಂಬುದು ನಿಧಾನವಾಗಿ ತಿಳಿಯಿತು. ಎಂಟು ಗಂಟೆಗೆ ಅವರ ಹೆಂಡತಿ ಲಕ್ಷ್ಮಮ್ಮ ತಿಂಡಿಯ ಡಬ್ಬಿ ಹಿಡಿದು ಬರುತ್ತಿದ್ದರು. ಬಂದವರೇ ನಮ್ಮ ಮುಂದೆ ದೂರು: "ಕುಕ್ಕರ್ ಐದು ಸಲ ಕೂಗಿದ್ರೂ ಈವಯ್ಯಂಗೆ ಕೇಳಾಕಿಲ್ಲ ಕಣಮ್ಮ. ಟಿವಿ ಸೌಂಡು ಬೀದಿಗೆಲ್ಲಾ ಕೇಳ್ಬೇಕು. ಇಲ್ಲಿ ನೋಡಿದ್ರೆ ಗೊರಸು ಕೇಳಿಸ್ತದಂತೆ!" ಮುನಿಯಪ್ಪನವರು ನಗುತ್ತಿದ್ದರು. ಲಕ್ಷ್ಮಮ್ಮ ಅತ್ತ ಹೋದ ಮೇಲೆ ಮಾತ್ರ ನನ್ನ ಹತ್ತಿರ ಬಂದು, "ಮೇಡಮ್ಮ, ಈ ಗಂಡು ಕುದುರೆಯೋರು ಬಲಗಾಲು ಒಸಿ ಇಡಿದು ಊರ್ತಾವ್ರೆ ಅನ್ನಿಸ್ತು. ನಿಮ್ ಮಿಶಿನ್ನು ಏನಂತೈತೆ?" ಎಂದು ಕೇಳುತ್ತಿದ್ದರು. ಯಂತ್ರವೂ ಹಾಗೇ ಹೇಳಿದರೆ ಆ ದಿನವೆಲ್ಲ ಅವರ ಸುತ್ತಿಗೆಯ ಪೆಟ್ಟಿಗೇ ಒಂದು ಹುರುಪು. ಎಂಟು ತಿಂಗಳಲ್ಲಿ ಅವರ ಕಿವಿಯೂ ನಮ್ಮ ಗೆರೆಯೂ ಒಮ್ಮೆಯೂ ಬೇರೆಯಾಗಿರಲಿಲ್ಲ.

ನಾನು ಮೊದಲು ಹೇಳಿದ ಆ ಬೆಳಿಗ್ಗೆ ಬೇರೆಯಾದವು. ಕಾಲಿಗೆ ಸೆನ್ಸರಿನ ಪಟ್ಟಿ ಕಟ್ಟುವುದು ಯಾವಾಗಲೂ ನವೀನನ ಕೆಲಸ. ಅಂದು ಅವನು ರಜೆಯಲ್ಲಿದ್ದ. ಎಡ, ಬಲ ಎಂದು ಚೀಟಿ ಅಂಟಿಸಿದ್ದ ಎರಡು ಪಟ್ಟಿಗಳನ್ನು ನಾನೇ ಕಟ್ಟಿ, ದಾಖಲೆಗೆಂದು ಒಂದು ಫೋಟೋ ಹೊಡೆದುಕೊಂಡೆ. ಶರಬತ್ ಎರಡು ಸುತ್ತು ಓಡಿತು. ಮುನಿಯಪ್ಪನವರು ಗೋಡೆ ನೋಡುತ್ತಾ ನಿಂತು, "ಬಲಗಾಲು. ಅಂಗಾಲಲ್ಲಿ ಏನೋ ಐತೆ" ಎಂದರು. ನಾನು ಲ್ಯಾಪ್‌ಟಾಪ್ ನೋಡಿ, "ಇಲ್ಲ ಮುನಿಯಪ್ಪನೋರೆ, ಎಡಗಾಲು ತೋರಿಸ್ತಿದೆ. ತುಂಬಾ ಸ್ಪಷ್ಟವಾಗಿದೆ" ಎಂದೆ.

"ಎಡಾನಾ?"

"ಎಡ. ಬೇಕಿದ್ರೆ ನೋಡಿ."

ಅವರು ಬಂದು ಗೆರೆಯನ್ನು ನೋಡಿದರು. ಕಿರುಬೆರಳನ್ನು ಕಿವಿಗೆ ಹಾಕಿ ಒಮ್ಮೆ ಅಲುಗಾಡಿಸಿಕೊಂಡರು. "ನೀವು ಓದಿರೋರು, ಎಡಾನೇ ಇರ್ಬೇಕು ಬುಡಿ" ಎಂದು ಇಕ್ಕಳ ಎತ್ತಿಕೊಂಡರು.

ಮುಂದಿನದನ್ನು ನಾನು ಮನಸ್ಸಿನಲ್ಲಿ ನೂರಾರು ಸಲ ನೋಡಿದ್ದೇನೆ, ಈಗಲೂ ನೋಡುತ್ತೇನೆ. ಲಗಾಮಿನ ಹಗ್ಗ ನನ್ನ ಕೈಯಲ್ಲಿದೆ. ಅವರು ಕುದುರೆಯ ಬಾಲದ ಕಡೆ ಮುಖ ಮಾಡಿ ಬಗ್ಗಿ, ಎಡಗಾಲನ್ನು ಎತ್ತಿ ತಮ್ಮ ಮಂಡಿಗಳ ನಡುವೆ ಹಿಡಿದಿದ್ದಾರೆ. ಮುಂಭಾಗದ ಭಾರವೆಲ್ಲ ಈಗ ಬಲಗಾಲಿನ ಮೇಲೆ. ಆ ಕಾಲು ನಡುಗಿತು. ಮರುಕ್ಷಣ ಮಡಿಸಿಕೊಂಡಿತು. ಬೀಳುವ ಪ್ರಾಣಿ ಎಡಗಾಲನ್ನು ಕಿತ್ತುಕೊಂಡು ಮೈಯನ್ನು ಎಡಕ್ಕೆ ಎಸೆಯಿತು. ಅದರ ಭುಜ ಮುನಿಯಪ್ಪನವರನ್ನು ಮರದ ಕಂಬಕ್ಕೆ ಅಪ್ಪಳಿಸಿತು. ಅವರು ಕೆಳಗೆ. ನಾನು ಹೆದರಿ ಹಗ್ಗವನ್ನು ಜಗ್ಗಿ ಹಿಡಿದೆ. ಜಗ್ಗಿದಷ್ಟೂ ಕುದುರೆ ಅವರ ಮೇಲೇ ಬರುತ್ತಿತ್ತು. "ಅಗ್ಗ ಬುಡಮ್ಮಾ! ಬುಡು!" ಎಂದು ಅವರು ಕೂಗಿದ್ದು ಕೇಳಿಸಿತು, ಕೈ ಬಿಡಲಿಲ್ಲ. ಗೊರಸೊಂದು ಅವರ ತಲೆಯಿಂದ ಒಂದು ಗೇಣು ದೂರಕ್ಕೆ ಬಿದ್ದು ಮಣ್ಣು ಹಾರಿತು. ಆಗ ಹಗ್ಗ ಬಿಟ್ಟೆ. ಕುದುರೆ ಎದ್ದು ಮೂರು ಕಾಲಲ್ಲಿ ದೂರ ಹೋಯಿತು.

ಮೂರು ಪಕ್ಕೆಲುಬು, ಒಂದು ಹೆಗಲ ಮೂಳೆ ಮುರಿದಿದ್ದವು. ಉಸಿರು ಕಟ್ಟುತ್ತಾ ಆಂಬುಲೆನ್ಸಿಗಾಗಿ ಕಾಯುವಾಗಲೂ ಅವರು ಕೇಳಿದ್ದು, "ಅವ್ರಿಗೇನಾದ್ರೂ ಪೆಟ್ಟಾಯ್ತಾ?" ಎಂದು. ಅವರು ಎಂದರೆ ಶರಬತ್.

ಮಧ್ಯಾಹ್ನ ಪಶುವೈದ್ಯರು ಬಂದು ಬಲಗಾಲಿನ ಅಂಗಾಲನ್ನು ಕೊರೆದರು. ಒಳಗೆ ಕೀವು ಕಟ್ಟಿತ್ತು. ಕೀವು ಹೊರಗೆ ಬಂದ ಮೇಲೆ ಕುದುರೆ ಸಲೀಸಾಗಿ ಕಾಲೂರಿತು. ಮೇಜರ್ ತಲೆ ಕೊಡವಿದರು. "ಬಲಗಾಲಲ್ಲಿ ಕೀವು ಇಟ್ಕೊಂಡು ಎಡಗಾಲು ಎತ್ತಿದ್ದಾನೆ. ಮುದುಕನಿಗೆ ವಯಸ್ಸಾಯ್ತು. ಬೇರೆಯವರನ್ನ ನೋಡ್ಕೋತೀನಿ ಅಂತ ಮನೆಗೆ ಹೇಳಿ ಕಳಿಸ್ತೀನಿ."

ನಾನು ಫೋನು ತೆಗೆದು ಬೆಳಿಗ್ಗೆ ಹೊಡೆದ ಫೋಟೋ ನೋಡಿದೆ. ಕುದುರೆಯ ಬಲಗಾಲಿನ ಮೇಲೆ "ಎಡ" ಎಂಬ ಚೀಟಿ. ನಾನು ಕುದುರೆಯ ಎದುರಿಗೆ ನಿಂತು, ನನ್ನ ಎಡಗೈ ಕಡೆಗಿದ್ದ ಕಾಲಿಗೆ ಎಡದ ಪಟ್ಟಿ ಕಟ್ಟಿದ್ದೆ. ದಿನವಿಡೀ ಪರದೆಯ ಎದುರಿಗೇ ಕೂರುವವರು ಮಾಡುವ ತಪ್ಪು. ಕುದುರೆಯವರು ಎಡ ಬಲವನ್ನು ಕುದುರೆಯ ಕಡೆಯಿಂದ ಲೆಕ್ಕ ಹಾಕುತ್ತಾರೆ. ಅದರ ಮೇಲೆ ಕೂತವರಿಗೆ ಯಾವುದು ಎಡವೋ ಅದೇ ಎಡ. ಯಂತ್ರ ಸರಿಯಾಗಿಯೇ ಹೇಳಿತ್ತು. ಮುನಿಯಪ್ಪನವರೂ ಸರಿಯಾಗಿಯೇ ಹೇಳಿದ್ದರು.

ಇದನ್ನು ನಾನು ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಕೆಲಸ ಹೋಗಬಹುದು, ಯೋಜನೆ ನಿಲ್ಲಬಹುದು ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನ ಮುಖ ನೋಡುವ ಧೈರ್ಯ ಇರಲಿಲ್ಲ. ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಗೊರಸು ಕಂಡು ಎದ್ದು ಕೂರುತ್ತಿದ್ದೆ. ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ, "ಯಾಕವ್ವಾ, ದನಿ ಹಿಂಗ್ಯಾಕೈತಿ?" ಎಂದು ಕೇಳಿದರೆ ನೆಗಡಿ ಎನ್ನುತ್ತಿದ್ದೆ.

ಹತ್ತನೇ ದಿನ ವರ್ತೂರಿನ ಅವರ ಮನೆಗೆ ಹೋದೆ. ಪಡಸಾಲೆಯ ಮಂಚದ ಮೇಲೆ ಎದೆಗೆ ಪಟ್ಟಿ ಬಿಗಿಸಿಕೊಂಡು ಒರಗಿದ್ದರು. ಟಿವಿ ಆರಿತ್ತು. ಸುತ್ತಿಗೆ, ಇಕ್ಕಳ, ಅರ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟಿದ್ದರು.

"ಯಾರ್ಗಾನಾ ಕೊಟ್ಬುಡಾನ ಅಂತ" ಎಂದರು. "ಕಿವಿ ಓಯ್ತು ಮೇಡಮ್ಮ. ಎಡಗಾಲು ನೋಯ್ತಿದ್ರೆ ನಂಗೆ ಬಲಗಾಲು ಅಂತ ಕೇಳಿಸ್ತು ನೋಡಿ. ನೋವಿರೋ ಕಾಲ್ನ ಅದುಮಿ ಇಡ್ದಿದ್ದಕ್ಕೇ ಪಾಪ ಅವರು ಅಂಗ್ ಆಡಿದ್ದು. ಇನ್ನು ಈ ಕೆಲ್ಸ ಮಾಡಿದ್ರೆ ಯಾವ್ದಾನಾ ಕುದುರೆ ಕೊಲ್ತೀನಿ."

ಕೀವು ಯಾವ ಕಾಲಲ್ಲಿ ಇತ್ತು ಎಂಬುದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ಇನ್ನು ಬರುವುದು ಬೇಡ ಎಂಬುದೊಂದೇ ಅವರನ್ನು ಮುಟ್ಟಿದ್ದ ಸುದ್ದಿ. ನಾನು ಫೋನು ತೆಗೆದು ಫೋಟೋ ತೋರಿಸಿದೆ.

"ಇದ್ಯಾವ ಕಾಲು?"

"ಬಲಗಾಲು. ನಾನು ಎಡದ ಪಟ್ಟಿ ಅದಕ್ಕೆ ಕಟ್ಬಿಟ್ಟಿದ್ದೆ."

"ಕೀವು?"

"ಬಲಗಾಲಲ್ಲೇ ಇತ್ತು ಮುನಿಯಪ್ಪನೋರೆ. ನೀವು ಹೇಳಿದ್ದೇ ಸರಿ. ತಪ್ಪು ನಂದು."

ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಅವರು ನಗತೊಡಗಿದರು. ಪಕ್ಕೆ ಹಿಡಿದುಕೊಂಡು, ನೋವಿಗೆ ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕರು. "ಲಕ್ಷ್ಮಮ್ಮೋ! ಬಾರೇ ಇಲ್ಲಿ! ಕಿವಿ ನೆಟ್ಟಗೈತಂತೆ ಕಣೇ!"

ಒಳಗಿನಿಂದ ಲಕ್ಷ್ಮಮ್ಮನ ದನಿ: "ಅಂಗಾರೆ ಕುಕ್ಕರ್ ಎಷ್ಟು ಸಲ ಕೂಗ್ತು, ಯೋಳು!"

ನಗು ನಿಂತ ಮೇಲೆ ಅವರು ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಪಕ್ಕೆ ಮೂಳೆ ಕೂಡ್ಕಂತದೆ, ಅದ್ಬುಡಿ. ಒಂಬತ್ತು ದಿನ ಮೇಡಮ್ಮ. ಒಂಬತ್ತು ದಿನ ಕೈಲಾಗದೋನು ಅಂದ್ಕಂಡು ಮಲಗಿದ್ನಲ್ಲ" ಎಂದರು. ಅವರು ನನಗೆ ಆಡಿದ ಒಂದೇ ಒಂದು ಕಠಿಣ ಮಾತು ಅದು. ಲಕ್ಷ್ಮಮ್ಮ ರಾಗಿ ಅಂಬಲಿ ತಂದು ಕೈಗಿಟ್ಟರು. ಕುಡಿದೆ.

ಅಂದೇ ಮೇಜರ್ ಅವರಿಗೂ ಯಜಮಾನರಿಗೂ ನಡೆದದ್ದನ್ನು ಬರೆದು ಕಳಿಸಿದೆ. ಕೆಲಸ ಹೋಗಲಿಲ್ಲ; ಕುದುರೆಯ ಯೋಜನೆ ಹೋಯಿತು. ಮೇಜರ್ ಸ್ವತಃ ಮುನಿಯಪ್ಪನವರ ಮನೆಗೆ ಹೋಗಿ ಮತ್ತೆ ಕೆಲಸಕ್ಕೆ ಕರೆದರಂತೆ. ಆದರೂ ನನ್ನ ನಿದ್ದೆ ಮಾತ್ರ ಮರಳಲಿಲ್ಲ.

ಎರಡು ತಿಂಗಳಾದ ಮೇಲೆ, ಒಂದು ಭಾನುವಾರ, ಉಳಿದಿದ್ದ ಸಾಮಾನು ತರಲು ಶಾಲೆಗೆ ಹೋದೆ. ಮುನಿಯಪ್ಪನವರು ಶರಬತ್‌ನ ಗೊರಸಿಗೆ ಅರ ಹಾಕಿ ಉಜ್ಜುತ್ತಿದ್ದರು. ನನ್ನನ್ನು ಕಂಡು, "ಏನ್ ಮೇಡಮ್ಮ, ಕಣ್ಣು ಒಳಕ್ಕೋಗವೆ?" ಎಂದರು. ನಿದ್ದೆ ಬರುತ್ತಿಲ್ಲ ಎಂದು ಹೇಳಿದೆ. ಅವರು ಅರ ಕೆಳಗಿಟ್ಟರು.

"ಎಂಟು ತಿಂಗ್ಳು ಇವರ ನಡ್ಗೆ ಬರ್ಕಂಡ್ರಲ್ಲ, ಒಂದಿನಾನಾದ್ರೂ ಮೇಲೆ ಕುಂತಿದ್ರಾ?"

"ಇಲ್ಲ."

"ಅದೇ ಮತ್ತೆ. ಅತ್ತಿ ಕುಂತ್ಕಳಿ."

ಬೇಡ ಎಂದೆ. ಕಾಲು ನಡುಗುತ್ತಿದೆ ಎಂದೆ. "ನಿಮ್ ಕಾಲು ಯಾರಿಗ್ ಬೇಕು, ನಡ್ಯೋರು ಅವರು" ಎಂದು ಕಟ್ಟೆಯ ಮೇಲೆ ನಿಲ್ಲಿಸಿ ಹತ್ತಿಸಿಯೇಬಿಟ್ಟರು. ಆಮೇಲೆ ಕುದುರೆಯ ಪಕ್ಕದಲ್ಲಿ ತಾವೂ ನಡೆಯತೊಡಗಿದರು. ಮೊದಲ ಸುತ್ತು ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಎರಡನೇ ಸುತ್ತಿನಲ್ಲಿ, ಗೆರೆಗಳಲ್ಲಿ ಅಷ್ಟು ದಿನ ನೋಡಿದ್ದು ನನ್ನ ಸೊಂಟಕ್ಕೆ ಬಂದು ಮುಟ್ಟಿತು: ಒಂದು ಭುಜ ಏರುತ್ತದೆ, ಇನ್ನೊಂದು ಇಳಿಯುತ್ತದೆ, ಭಾರ ಈ ಕಾಲಿನಿಂದ ಆ ಕಾಲಿಗೆ ಒಂದಿಷ್ಟೂ ಹಿಂಜರಿಯದೆ ಹೋಗುತ್ತದೆ. "ಬಲಗಾಲು ಎಂಗೈತೆ?" ಎಂದು ಅವರು ಕೇಳಿದರು. "ಚೆನ್ನಾಗಿದೆ" ಎಂದೆ. "ಅಷ್ಟೇ ಮತ್ತೆ" ಎಂದರು. ಏಳು ಸುತ್ತು ನಡೆಸಿದರು. ಇಳಿಯುವಾಗ ತೊಡೆ ಸೋತು ಅವರ ಹೆಗಲು ಹಿಡಿದೆ, ಮುರಿದಿದ್ದ ಹೆಗಲನ್ನೇ. ಅವರು ಮುಖ ಕಿವುಚಿದರೂ ಬಿಡಿಸಿಕೊಳ್ಳಲಿಲ್ಲ.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ವರ್ಷ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಬಂತು. ಕುದುರೆಗಳೂ ಮುನಿಯಪ್ಪನವರೂ ಹೊಸಕೋಟೆಯ ಕಡೆ ಎಲ್ಲೋ ಹೋದರು ಎಂದು ಕೇಳಿದೆ. ಆ ಭಾನುವಾರ ಮಾತ್ರ ಮೈಕೈ ನೋವಿನಲ್ಲಿ ಬಸ್ಸಿನಲ್ಲಿ ನಿಂತೇ ಮನೆಗೆ ಬಂದು, ಊಟ ಮಾಡಿ, ದೀಪ ಆರಿಸಿದವಳು ಎದ್ದಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು, ಆಫೀಸಿನ ಬಸ್ಸು ಹೊರಟುಹೋಗಿತ್ತು.