ಅತ್ತೆಯದೂ ನನ್ನದೂ ಒಂದೇ ಹೆಸರು

ಮಗಳ ವೀಸಾ ಅರ್ಜಿ ತಿರಸ್ಕಾರವಾದ ದಿನ ನಾನು ದೋಸೆಗೆ ರುಬ್ಬುತ್ತಿದ್ದೆ. ಅವಳು ಫೋನ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, ಗ್ರೈಂಡರ್ ನಿಲ್ಲಿಸು ಅಂತ ಕೈ ಮಾಡಿದಳು. ನಿಲ್ಲಿಸಿದೆ. ಇಂಗ್ಲಿಷಿನ ಒಂದು ಸಾಲನ್ನು ಕನ್ನಡ ಮಾಡಿ ಓದಿದಳು: "ಹಣ ತೋರಿಸಿರುವ ಮಹಿಳೆ ಅರ್ಜಿದಾರಳ ತಾಯಿ ಎಂಬುದು ಸಾಬೀತಾಗಿಲ್ಲ."

ಅವಳನ್ನು ಹೆತ್ತದ್ದು ಇದೇ ಕಡೂರಿನ ಆಸ್ಪತ್ರೆಯಲ್ಲಿ, ಮನೆಯಿಂದ ನಡೆದು ಹೋಗುವಷ್ಟು ದೂರ. ಸಾಬೀತಾಗಿಲ್ಲವಂತೆ.

ಎಡವಟ್ಟಾಗಿದ್ದು ನಮ್ಮ ಪದ್ಧತಿಯಿಂದ. ನನ್ನ ತವರು ಅಜ್ಜಂಪುರ. ಅಲ್ಲಿ ಅಪ್ಪ ನನಗಿಟ್ಟ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ ಆಗಿತ್ತು. ಹಿರಿಯರ ಹೆಸರನ್ನು ಮನೆಯಲ್ಲಿ ಕೂಗುವಂತಿಲ್ಲ; ಅತ್ತೆಗೂ ಸೊಸೆಯನ್ನು ಬೈದರೆ ತನ್ನನ್ನೇ ಬೈದುಕೊಂಡ ಹಾಗೆ. ಅದಕ್ಕೆ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ನನಗೊಂದು ಹೊಸ ಹೆಸರು ಬರೆಸಿದರು. ಮಗಳ ಜನನ ಪತ್ರ, ಅಂಕಪಟ್ಟಿ, ಪಾಸ್‌ಪೋರ್ಟು ಎಲ್ಲದರಲ್ಲೂ ಅಮ್ಮ ಅಂದರೆ ಆ ಅಕ್ಕಿಯ ಮೇಲಿನ ಹೆಸರು. ಆದರೆ ಅವಳ ಖರ್ಚಿಗೆಂದು ಅರ್ಜಿಯಲ್ಲಿ ತೋರಿಸಿದ, ತವರಿನವರು ನನ್ನ ಪಾಲಿಗೆಂದು ಕೊಟ್ಟ ಹಣ ಇದ್ದದ್ದು ಅಜ್ಜಂಪುರದ ಬ್ಯಾಂಕಿನಲ್ಲಿ, ಅಪ್ಪ ಇಟ್ಟ ಹೆಸರಿನಲ್ಲಿ. ಆಧಾರ್ ಕೂಡ ಅದರಲ್ಲೇ. ಅರ್ಜಿ ಹಾಕುವಾಗ ಮನೆಯಲ್ಲಿ ಯಾರಿಗೂ ಇದು ಹೊಳೆಯಲೇ ಇಲ್ಲ.

ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದನ್ನು ಓದಲು ಮಗಳು ಇಂಗ್ಲೆಂಡಿಗೆ ಹೊರಟಿದ್ದಳು. ತಿಂಗಳ ಕೊನೆಯೊಳಗೆ ವೀಸಾ ಬರದಿದ್ದರೆ ಸೀಟು ಹೋಯಿತು. ಅವಳು ಊಟ ಬಿಟ್ಟಳು. ಹಿಟ್ಟಿನ ಮಿಲ್ಲು ನಡೆಸುವ ನಮ್ಮನೆಯವರು ಮೈಮೇಲಿನ ಹಿಟ್ಟನ್ನೂ ಕೊಡವದೆ ಜಗಲಿಯಲ್ಲಿ ಕೂತುಬಿಟ್ಟರು. ನಾನು ದೇವರ ಮುಂದೆ ಕೂತೆ. ಸ್ತೋತ್ರ ಯಾವುದೂ ಬಾಯಿಗೆ ಬರಲಿಲ್ಲ. "ಅಪ್ಪಾ, ನಾನ್ಯಾರು ಅಂತ ನಿಂಗಾದ್ರೂ ಗೊತ್ತಲ್ಲ" ಅಂದೆ, ಅಷ್ಟೇ.

ಅರ್ಜಿ ತುಂಬಿಕೊಟ್ಟವನ ಅಂಗಡಿ ತರೀಕೆರೆಯಲ್ಲಿತ್ತು. ನಾನೂ ಮಗಳೂ ಹೋದೆವು. ಬಸ್ಸು ತುಂಬಿದ್ದರೂ ಇಬ್ಬರಿಗೂ ಸೀಟು ಸಿಕ್ಕಿತು, ದೇವರು ದೊಡ್ಡವನು.

"ಇದೇನ್ ದೊಡ್ಡ ವಿಷ್ಯ ಬಿಡಿ ಅಕ್ಕ" ಅಂದ ಅವನು. "ಬರ್ತ್ ಸರ್ಟಿಫಿಕೇಟಲ್ಲಿ ಹೆಸ್ರು ತಿದ್ದಿ ಪ್ರಿಂಟ್ ಹಾಕ್ಬಿಡ್ತೀನಿ. ಲಂಡನ್ನೋರು ಕಡೂರಿಗೆ ಬಂದು ನೋಡ್ತಾರಾ?"

"ಸಿಕ್ಕಿಬಿದ್ರೆ ಮುಂದೆ ಎಲ್ಲೂ ಬಿಡಲ್ಲ ನನ್ನ" ಅಂದಳು ಮಗಳು.

"ನಾನು ಇವಳ ತಾಯಿ ಅನ್ನೋದು ನಿಜಾನೇ ಅಲ್ವೇನಪ್ಪಾ, ಅದಕ್ಕೆ ಸುಳ್ಳು ಕಾಗದ ಯಾಕೆ?" ಅಂದೆ.

"ಹಂಗಾದ್ರೆ ಅಫಿಡವಿಟ್ ಮಾಡ್ಸಿ. ಎರಡೂ ಹೆಸ್ರು ಒಬ್ರದ್ದೇ ಅಂತ ಮನೆ ಹಿರೀಕರು ಪ್ರಮಾಣ ಮಾಡ್ಬೇಕು. ನೀವು ಓದಿದ ಸ್ಕೂಲಿಂದೂ ಒಂದು ಸರ್ಟಿಫಿಕೇಟ್ ತನ್ನಿ. ಆದ್ರೂ ಗ್ಯಾರಂಟಿ ಕೊಡಕ್ಕಾಗಲ್ಲ."

ಮಾರನೆಯ ದಿನ ಅಜ್ಜಂಪುರದ ಶಾಲೆಗೆ ಹೋದೆ. ಮೇಷ್ಟ್ರು ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದರು. ಮೊದಲ ಹಾಳೆಗಳನ್ನೆಲ್ಲ ಗೆದ್ದಲು ತಿಂದಿತ್ತು. ನನ್ನ ಸಾಲು ಉಳಿದಿತ್ತು. ಕೈ ಮುಗಿದೆ.

"ನಂಗ್ಯಾಕಮ್ಮ, ಗೆದ್ದಲಿಗೆ ಮುಗೀರಿ" ಅಂದರು ಮೇಷ್ಟ್ರು.

ಅವರು ಬರೆದುಕೊಟ್ಟ ಕಾಗದ ಹಿಡಿದು ಬಂದು, ನಾನೂ ಮಗಳೂ ಮಂಡಿನೋವಿನ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಕಡೂರಿನ ನೋಟರಿ ಬಳಿಗೆ ಹೋದೆವು.

"ಅಜ್ಜಿ, ಮದ್ವೆಗ್ ಮುಂಚೆ ನಿಮ್ ಸೊಸೆ ಹೆಸ್ರೇನು?" ಅಂತ ಕೇಳಿದರು ನೋಟರಿ. ಅತ್ತೆ ಹೇಳಿದರು.

"ನಿಮ್ದಲ್ಲ, ಸೊಸೇದು."

"ಅದೇ ಕಣಪ್ಪಾ."

"ನಿಮ್ ಆಧಾರಲ್ಲಿ ಅದು ನಿಮ್ ಹೆಸ್ರು ಅಂತ ಐತೆ."

"ನಂದೂ ಅದೇ, ಅವಳ್ದೂ ಅದೇ. ಅದಕ್ಕೇ ತಾನೇ ಬದಲಾಯ್ಸಿದ್ದು. ನಿಂಗೆ ಮದ್ವೆ ಆಗೈತೇನಪ್ಪಾ?"

ಎಷ್ಟೋ ದಿನಕ್ಕೆ ಮಗಳು ನಕ್ಕಳು. ನೋಟರಿ ನಗಲಿಲ್ಲ. ಗೊಂದಲ ಇದ್ದರೆ ಸೀಲು ಹಾಕಲ್ಲ ಅಂತ ಕಾಗದ ಪಕ್ಕಕ್ಕೆ ಸರಿಸಿದರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅತ್ತೆ ನನ್ನ ಕಡೆ ತಿರುಗಿದರು. ನಾನು ಈ ಮನೆಗೆ ಸೊಸೆಯಾಗಿ ಬಂದಮೇಲೆ ಅವರು ಒಮ್ಮೆಯೂ ಕರೆಯದ ಆ ಹೆಸರು ಹಿಡಿದು ಕರೆದರು. "ಬಾರೇ ಇಲ್ಲಿ, ಈಯಪ್ಪಂಗೆ ಮುಖ ತೋರ್ಸು." ಅಪ್ಪ ಹೋದಮೇಲೆ ಆ ಹೆಸರಲ್ಲಿ ನನ್ನನ್ನು ಕರೆಯುವವರು ಇರಲಿಲ್ಲ. "ಅತ್ತೆ" ಅಂದೆ, ಹೋಗಿ ಅವರ ಪಕ್ಕ ನಿಂತೆ. ನೋಟರಿ ನನ್ನನ್ನೂ ಅವರನ್ನೂ ನೋಡಿದರು. ಶಾಲೆಯ ಕಾಗದವನ್ನು ಇನ್ನೊಮ್ಮೆ ಓದಿ ಸೀಲು ಒತ್ತಿದರು.

ಎರಡನೆಯ ಅರ್ಜಿ ಹೋಯಿತು. ಆಮೇಲೆ ಫೋನ್ ಸದ್ದಾದರೆ ಸಾಕು, ನನ್ನ ಕೈಯ ಪಾತ್ರೆ ಬೀಳುತ್ತಿತ್ತು. ಅಮೃತಾಪುರಕ್ಕೆ ಹೋಗಿ ಈಶ್ವರನ ಮುಂದೆ ನಿಂತೆ. ವೀಸಾ ಕೊಡಿಸು ಅಂತ ಕೇಳಲು ನಾಲಿಗೆ ಬರಲಿಲ್ಲ. ನನ್ನ ದೆಸೆಯಿಂದ ಅವಳ ಓದು ತಪ್ಪದಿರಲಿ ಅಂತ ಕೇಳಿಕೊಂಡೆ. ತೀರ್ಮಾನವಾಗಿದೆ, ಪಾಸ್‌ಪೋರ್ಟು ಕಳಿಸಿದ್ದೇವೆ ಅಂತ ಒಂದು ಮೆಸೇಜು ಬಂತು. ಏನು ತೀರ್ಮಾನ ಅಂತ ಅದರಲ್ಲಿ ಇರಲಿಲ್ಲ. ಆ ಎರಡು ದಿನ ಹೇಗೆ ಕಳೆದೆವೋ.

ಕೊರಿಯರ್ ಬಂದಾಗ ಕವರು ಹರಿದವರು ನಮ್ಮನೆಯವರು. ಮಗಳು ಪುಟ ತಿರುವಿದಳು, ನಿಲ್ಲಿಸಿದಳು, ಗೋಡೆಗೊರಗಿ ಅಲ್ಲೇ ಕುಸಿದು ಕೂತು ಅಳತೊಡಗಿದಳು. ಸಿಕ್ಕಿದೆ ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅತ್ತೆ ಕನ್ನಡಕ ತರಿಸಿಕೊಂಡು ಆ ಪುಟವನ್ನು ಹತ್ತಿರ ಹಿಡಿದರು.

"ನಮ್ ಹೆಸ್ರು ಎಲ್ಲೈತೆ?"

"ಇಲ್ಲ ಅತ್ತೆ. ಅವಳ್ದು ಮಾತ್ರ ಐತೆ."

"ಒಳ್ಳೇದಾಯ್ತು ಬಿಡು" ಅಂದರು ಅತ್ತೆ. "ಅವಳಿಗೇನಾರ ತಿನ್ನಕ್ಕೆ ಕೊಡು ಹೋಗು."